ವಾಸಣ್ಣನ ಎಡಮಂಡಿ ಮತ್ತು ಕೆರೆಕಟ್ಟೆ ಬಸ್ಸು

ಹೋದ ತಿಂಗಳು ಹೆಂಡತಿಯ ಭುಜ ಹಿಡಿದುಕೊಂಡು ಕೈ ಮೇಲೆತ್ತುವುದಕ್ಕೇ ಆಗದೆ, ಕೊಪ್ಪದಲ್ಲಿ ಹೊಸದಾಗಿ ಶುರುವಾದ ಫಿಸಿಯೋಥೆರಪಿ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಅವಳನ್ನು ಪರದೆಯ ಆಚೆ ಮಲಗಿಸಿದರು, ನಾನು ಈಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಒಳಗಿನಿಂದ ನೋವಿನ ಎಣ್ಣೆಯ ವಾಸನೆ ಬಂತು. ಮೂಗಿಗೆ ತಣ್ಣಗೆ ಹತ್ತಿ ಆಮೇಲೆ ಕಣ್ಣು ಉರಿಸುವ ಆ ಹಸಿರು ಎಣ್ಣೆ. ಎಷ್ಟು ವರ್ಷ ಆಗಿದ್ದರೂ ಆ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ಭಯ, ಆಮೇಲೆ ವಾಸಣ್ಣ.

ಆಗ ನಾನು ಖಾಸಗಿ ಬಸ್ಸಿನ ಕಂಡಕ್ಟರ್. ಎರಡು ಸಾವಿರದ ಐದೋ ಆರೋ ಇರಬೇಕು, ಮೊಬೈಲು ಕೈಗೆ ಬಂದಿತ್ತು, ಆದರೆ ಶೃಂಗೇರಿ ದಾಟಿದರೆ ಅದು ಗಂಟೆ ನೋಡುವುದಕ್ಕೆ ಮಾತ್ರ ಪ್ರಯೋಜನಕ್ಕೆ ಬರುತ್ತಿತ್ತು. ನಮ್ಮ ಬಸ್ಸು ಬೆಳಿಗ್ಗೆ ನರಸಿಂಹರಾಜಪುರ ಬಿಟ್ಟು ಕೊಪ್ಪ, ಶೃಂಗೇರಿ ಮೇಲಾಗಿ ಕೆರೆಕಟ್ಟೆಗೆ ಹೋಗಿ ವಾಪಸು ಇಳಿಯುತ್ತಿತ್ತು, ಮಧ್ಯಾಹ್ನದ ಮೇಲೆ ಇನ್ನೊಂದು ಸಲ ಅದೇ ದಾರಿ. ವಾಸಣ್ಣ ಅದರ ಡ್ರೈವರ್. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವನು, ದಪ್ಪ ಮೀಸೆ, ಮಾತು ಕಡಿಮೆ, ಹಾರ್ನ್ ಅದಕ್ಕಿಂತ ಕಡಿಮೆ. ಯಾರಿಗಾದರೂ ಹೊರಡುವುದು ತಡವಾದರೆ ಬಸ್ಸನ್ನು ನಿಲ್ಲಿಸಿ ಕಾಯುತ್ತಿದ್ದ. ಒಮ್ಮೆ ಹಿರೇಕೊಡಿಗೆಯ ಒಬ್ಬರು ಮನೆಯಲ್ಲಿ ಮರೆತ ಕನ್ನಡಕ ತರಲು ಓಡಿದಾಗ ಇಡೀ ಬಸ್ಸು ಅವರಿಗಾಗಿ ಕಾದಿತ್ತು.

ನಮ್ಮ ಕಡೆಯ ಬಸ್ಸಿನ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಸ್ಟಾಪು ಎಂಬುದು ಹೆಸರಿಗೆ. ಕೈ ತೋರಿಸಿದಲ್ಲಿ ಬಸ್ಸು ನಿಲ್ಲಬೇಕು. ಒಂದು ಗೇಟಿನ ಮುಂದೆ ಒಬ್ಬರನ್ನು ಹತ್ತಿಸಿಕೊಂಡು ಎರಡನೇ ಗೇರಿಗೆ ಬರುವಷ್ಟರಲ್ಲಿ ಮುಂದಿನ ಗೇಟಿನವರು ಕೈ ಎತ್ತಿರುತ್ತಾರೆ. ಎರಡು ಗೇಟಿನವರೂ ದಾಯಾದಿಗಳಾಗಿದ್ದರಂತೂ ಒಂದೇ ಕಡೆ ನಿಲ್ಲುವ ಮಾತೇ ಇಲ್ಲ. ನಿಲ್ಲಿಸುವಾಗ ಒಮ್ಮೆ ಕ್ಲಚ್ಚು, ಹೊರಡುವಾಗ ಒಮ್ಮೆ, ಗೇರು ಬದಲಿಸಿದಾಗಲೆಲ್ಲ ಮತ್ತೊಮ್ಮೆ. ಕ್ಲಚ್ಚು ತುಳಿಯುವುದು ಎಡಗಾಲು. ಇಪ್ಪತ್ತೈದು ವರ್ಷ ವಾಸಣ್ಣನ ಎಡಗಾಲು ಮನೆಮನೆಯ ಮುಂದೆ ಹೀಗೆ ಮಡಚಿ ಚಾಚಿ ಮಾಡಿತ್ತು.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ನಾನೊಂದು ವಿಷಯ ಗಮನಿಸಿದೆ. ಕ್ಲಚ್ಚು ತುಳಿಯುವ ಮೊದಲು ವಾಸಣ್ಣ ಎಡಗೈಯಿಂದ ತನ್ನ ತೊಡೆಯನ್ನು ಎತ್ತಿ ಪೆಡಲ್ಲಿನ ಮೇಲಿಡುತ್ತಿದ್ದ. ಲುಂಗಿ ಸರಿಮಾಡಿಕೊಂಡ ಹಾಗೆ ಮಾಡುತ್ತಿದ್ದುದರಿಂದ ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ನನಗೆ ತಿಳಿದ ಮೇಲೆ ನೆಮ್ಮದಿ ಹೋಯಿತು. ಟಿಕೆಟ್ಟು ಹರಿಯುತ್ತ ಹಿಂದಿನ ಸೀಟಿನಲ್ಲಿದ್ದರೂ ನನ್ನ ಕಿವಿ ಇಂಜಿನ್ನಿನ ಕಡೆಗಿರುತ್ತಿತ್ತು. ನೆಮ್ಮಾರು ದಾಟಿದ ಮೇಲೆ ರಸ್ತೆಯ ಒಂದು ಬದಿಗೆ ಎತ್ತರದ ದರೆ, ಇನ್ನೊಂದು ಬದಿಗೆ ಕೆಳಗೆ ತುಂಗೆ. ಅಲ್ಲಿ ಗೇರು ಒಮ್ಮೆ ಕರ್ರೆಂದರೆ ಟಿಕೆಟ್ಟು ಹರಿಯುವ ನನ್ನ ಕೈ ಅಲ್ಲೇ ನಿಲ್ಲುತ್ತಿತ್ತು.

ಕೇಳಿದಾಗ ವಾಸಣ್ಣ ಅಡಗಿಸಲಿಲ್ಲ. ಮಂಡಿ ನೋವು ಹೋದ ವರ್ಷದ್ದಂತೆ. ಹೆಂಡತಿ ಲಕ್ಕಿಸೊಪ್ಪು ಬಿಸಿಮಾಡಿ ಕಟ್ಟುತ್ತಾಳೆ, ಹಸಿರು ಎಣ್ಣೆ ತಿಕ್ಕುತ್ತಾಳೆ, ಮೆಡಿಕಲ್ಲಿನವನು ಕೊಟ್ಟ ಮಾತ್ರೆ ನುಂಗಿದರೆ ಅರ್ಧ ದಿನ ತಡೆಯುತ್ತದೆ. ಡಾಕ್ಟರ ಹತ್ತಿರ ಹೋಗಿರಲಿಲ್ಲ. ಹೋದರೆ ಆಪರೇಷನ್ ಅನ್ನುತ್ತಾರೆ, ಆಪರೇಷನ್ ಎಂಬ ಮಾತು ಓನರ್ ಕಿವಿಗೆ ಬಿದ್ದರೆ ಸೀಟು ಬೇರೆಯವನಿಗೆ ಹೋಗುತ್ತದೆ. ಅವನ ಭಯ ಸೀಟಿನದು, ನನ್ನ ಭಯ ಬಸ್ಸಿನೊಳಗೆ ಕೂತವರದು. ಆ ಮನುಷ್ಯನನ್ನು ಬಿಟ್ಟುಕೊಡಲೂ ಆಗದೆ, ಅವನ ಹಿಂದೆ ಧೈರ್ಯವಾಗಿ ಕೂರಲೂ ಆಗದೆ ನಾನು ಒದ್ದಾಡಿದೆ.

ಗುಟ್ಟು ನಮ್ಮಿಬ್ಬರದೇ ಎಂದುಕೊಂಡಿದ್ದೆವು. ಆದರೆ ದಿನಾ ನರಸಿಂಹರಾಜಪುರದಲ್ಲಿ ಹತ್ತಿ ಡ್ರೈವರಿನ ಪಕ್ಕದ ಉದ್ದ ಸೀಟಿನಲ್ಲಿ ಕೂರುವ ಜೆಸ್ಸಿ ಎಂಬ ಹುಡುಗಿಯೊಬ್ಬಳಿದ್ದಳು. ಅವಳ ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ಹಾಕಿದ ಮನೆತನ. ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದಿ ಬಂದು ಕೊಪ್ಪದ ಒಂದು ಸಣ್ಣ ಆಸ್ಪತ್ರೆಯ ಮೂಲೆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಜನ ಅವಳನ್ನು ತಿಕ್ಕುವ ಡಾಕ್ಟರು ಎನ್ನುತ್ತಿದ್ದರು. ಒಂದು ದಿನ ಕೊಪ್ಪದಲ್ಲಿ ಇಳಿಯುವಾಗ ಮೆಟ್ಟಿಲ ಮೇಲೆ ನಿಂತು ನನಗೆ ಮಾತ್ರ ಕೇಳುವ ಹಾಗೆ, ಅವರು ಕಾಲನ್ನು ಕೈಯಿಂದ ಎತ್ತುವುದು ಎಷ್ಟು ದಿನದಿಂದ ಎಂದು ಕೇಳಿದಳು. ನಾನು ಯಾವ ಕಾಲು ಎಂದೆ. ಅವಳು ನಗಲಿಲ್ಲ. ಈ ವಾರದೊಳಗೆ ಅವರನ್ನು ಕರೆದುಕೊಂಡು ಬನ್ನಿ, ಇಲ್ಲದಿದ್ದರೆ ನಾನು ಈ ಬಸ್ಸು ಹತ್ತುವುದಿಲ್ಲ, ಯಾಕೆ ಹತ್ತುವುದಿಲ್ಲ ಎಂದು ಕೇಳಿದವರಿಗೆ ಹೇಳುತ್ತೇನೆ ಎಂದು ಹೋದಳು.

ವಾಸಣ್ಣನನ್ನು ಹೇಗೋ ಎಳೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಎಕ್ಸ್‌ರೇ ತೆಗೆಸಿ, ಮಂಡಿಯ ಗಾದಿ ಸವೆಯಲು ಶುರುವಾಗಿದೆ, ಆಪರೇಷನ್ನಿನ ಹಂತಕ್ಕೆ ಬಂದಿಲ್ಲ, ಮೊದಲು ವ್ಯಾಯಾಮದಿಂದ ನೋಡೋಣ ಎಂದು ಜೆಸ್ಸಿಗೆ ಒಪ್ಪಿಸಿದರು. ಆಪರೇಷನ್ ಇಲ್ಲ ಎಂದದ್ದೇ ವಾಸಣ್ಣನ ಮುಖ ಅರಳಿತು, ಆದರೆ ಆ ಅರಳುವಿಕೆ ಬಹಳ ಹೊತ್ತು ಇರಲಿಲ್ಲ. ಜೆಸ್ಸಿ ಟೇಪು ಹಿಡಿದು ಎರಡೂ ತೊಡೆ ಅಳೆದಳು. ಎಡತೊಡೆ ಸೊರಗಿತ್ತು. ಅಷ್ಟೊಂದು ಕ್ಲಚ್ಚು ತುಳಿದ ಕಾಲು ಗಟ್ಟಿಯಾಗಿರಬೇಕಿತ್ತಲ್ಲ ಎಂದು ನಾನು ಕೇಳಿದೆ. ನೋವಿರುವ ಕಾಲು ತುಳಿಯುವುದಿಲ್ಲ, ಮೈಭಾರ ಹಾಕಿ ಒತ್ತುತ್ತದೆ, ಕೈಯಿಂದ ಎತ್ತಿಟ್ಟರೆ ಸ್ನಾಯುವಿಗೆ ಕೆಲಸವೇ ಇಲ್ಲ, ಮನೆಯಲ್ಲೂ ಇವರು ಕಾಲನ್ನು ಕೂರಿಸಿಯೇ ಇಟ್ಟಿದ್ದಾರೆ ಎಂದಳು. ಅದು ನಿಜ. ಮನೆಯಲ್ಲಿ ಅವನು ಎದ್ದು ನೀರು ಕುಡಿಯಲು ಹೆಂಡತಿ ಬಿಡುತ್ತಿರಲಿಲ್ಲ. ಪಾಪ, ಅವಳು ಪ್ರೀತಿಯಿಂದಲೇ ಆ ಕಾಲನ್ನು ಸೊರಗಿಸಿದ್ದಳು.

ಜೆಸ್ಸಿ ಹೇಳಿಕೊಟ್ಟ ವ್ಯಾಯಾಮ ಇಷ್ಟು: ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು ಒತ್ತಿ ಹಿಡಿಯುವುದು, ಕಾಲನ್ನು ನೇರವಾಗಿ ಎತ್ತಿ ನಿಲ್ಲಿಸುವುದು, ಕುರ್ಚಿಯಲ್ಲಿ ಕೂತು ಮರಳು ಚೀಲ ಕಟ್ಟಿದ ಕಾಲನ್ನು ಚಾಚುವುದು. ಬೆಳಿಗ್ಗೆ ಬಿಗಿತಕ್ಕೆ ಬಿಸಿ, ಸಂಜೆ ಊತಕ್ಕೆ ಐಸು. ಕೆರೆಕಟ್ಟೆಯಲ್ಲಿ ಬಸ್ಸು ನಿಂತಾಗ ವಾಸಣ್ಣ ಹಿಂದಿನ ಉದ್ದ ಸೀಟಿನಲ್ಲಿ ಮಲಗಿ ಕಾಲೆತ್ತುತ್ತಿದ್ದ, ನಾನು ಬಾಗಿಲಲ್ಲಿ ಕಾವಲು. ಐಸಿನದೇ ಪೇಚಾಟ. ಕೊಪ್ಪದಲ್ಲಿ ಸುಲಭವಾಗಿ ಸಿಗುವುದು ಮೀನಂಗಡಿಯ ಐಸು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಡ್ರೈವರ್ ಸೀಟಿನ ಕೆಳಗಿಟ್ಟರೆ, ಶೃಂಗೇರಿಗೆ ದರ್ಶನಕ್ಕೆ ಹೊರಟು ಮಡಿ ಪಂಚೆ ಉಟ್ಟವರು ಮೂಗು ಮುಚ್ಚಿಕೊಂಡು ನನ್ನನ್ನು ನೋಡುತ್ತಿದ್ದರು. ಯಾರೋ ಬಂಗಡೆ ತಂದಿದ್ದಾರೆ ಎಂದು ನಾನೂ ಅವರ ಜೊತೆ ಸೇರಿ ಬೈಯುತ್ತಿದ್ದೆ.

ಇಷ್ಟರಿಂದ ಆಗುವುದಿಲ್ಲ ಎಂದು ಜೆಸ್ಸಿ ಹೇಳಿದಳು. ಒಂದು ಕಡೆ ಕಾಲಿಗೆ ಬಲ ಕೊಡುತ್ತ ಇನ್ನೊಂದು ಕಡೆ ದಿನವಿಡೀ ಜಜ್ಜಿದರೆ ವ್ಯರ್ಥ, ಬಸ್ಸು ನಿಲ್ಲುವುದು ಕಡಿಮೆಯಾಗಬೇಕು, ರಸ್ತೆ ಸಮ ಇರುವಲ್ಲಿ ಮಾತ್ರ ನಿಲ್ಲಬೇಕು. ವಾಸಣ್ಣನೂ ನಾನೂ ಕೂತು ಸ್ಟಾಪುಗಳನ್ನು ಗೊತ್ತುಮಾಡಿದೆವು. ಆದರೆ ಜನಕ್ಕೆ ಏನು ಹೇಳುವುದು? ಮಂಡಿ ಎಂದರೆ ಹೆದರುತ್ತಾರೆ, ಓನರಿಗೆ ತಿಳಿಯುತ್ತದೆ. ವಾಸಣ್ಣ ಮೀಸೆ ನೀವಿಕೊಂಡು ಯೋಚಿಸಿ, ಕ್ಲಚ್ ಪ್ಲೇಟು ಸವೆದಿದೆ, ಹಾಗಾಗಿ ಕಂಡಕಂಡಲ್ಲಿ ನಿಲ್ಲಿಸುವ ಹಾಗಿಲ್ಲ ಎಂದು ಹೇಳಲು ಹೇಳಿದ. ಮನುಷ್ಯನ ಮರ್ಯಾದೆ ಉಳಿಸಲು ಬಸ್ಸಿನ ಮೇಲೆ ಆಪಾದನೆ ಹೊರಿಸಿದೆವು. ಬಸ್ಸಿಗೇನು ಬಾಯಿಯೇ?

ಜನ ಒಪ್ಪಲಿಲ್ಲ, ಬೈದರು. ಆಷಾಢದ ಮಳೆಯಲ್ಲಿ ತಮ್ಮ ಗೇಟು ಬಿಟ್ಟು ಪಕ್ಕದವರ ಗೇಟಿನ ತನಕ ನಡೆಯುವುದು ಎಂದರೇನು! ಕೈ ಎತ್ತಿದವರ ಮುಂದೆ ಬಸ್ಸು ಕೆಸರು ಹಾರಿಸಿ ಹೋಗುವಾಗ ವಾಸಣ್ಣ ನೇರ ಮುಂದೆ ನೋಡುತ್ತಿದ್ದ, ಹಣೆಯಲ್ಲಿ ಬೆವರು. ವಾಸುವಿಗೆ ಈಗೀಗ ಕೊಬ್ಬು ಎಂದು ಒಬ್ಬರು ಅವನಿಗೆ ಕೇಳುವ ಹಾಗೇ ಅಂದರು. ಕೆರೆಕಟ್ಟೆಗೆ ಸ್ವಲ್ಪ ಈಚೆ, ಏರಿನ ನಟ್ಟನಡುವೆ ಗಿರಿಜಮ್ಮ ಎಂಬ ವಯಸ್ಸಾದವರ ಮನೆ. ಅವರಿಗೂ ಎರಡೂ ಮಂಡಿ ನೋವು, ಕೊಡೆಯನ್ನೇ ಊರುಗೋಲು ಮಾಡಿಕೊಂಡು ಓಡಾಡುವವರು. ಶುಕ್ರವಾರ ಶೃಂಗೇರಿಗೆ ಹೋಗಿ ದೇವಸ್ಥಾನ, ಮಾತ್ರೆ ಅಂಗಡಿ, ತಂಗಿಯ ಮನೆ ಮುಗಿಸಿ ಸಂಜೆ ಬರುತ್ತಿದ್ದರು. ನಾವು ಗೊತ್ತುಮಾಡಿದ ಸ್ಟಾಪು ಅವರ ಮನೆಯಿಂದ ಕೆಳಗೆ, ರಸ್ತೆ ಸಮವಾಗುವ ಮೋರಿಯ ಹತ್ತಿರ. ಮೊದಲ ಶುಕ್ರವಾರ ಅವರು ಗೇಟಿನಲ್ಲೇ ನಿಂತು ಕೈ ಎತ್ತಿದರು. ಬಸ್ಸು ನಿಲ್ಲಲಿಲ್ಲ. ಅವರು ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತು ನಿಂತಿದ್ದರು. ತಿರುವು ಬರುವ ತನಕ ವಾಸಣ್ಣ ಕನ್ನಡಿಯಲ್ಲಿ ಆ ಕೈಯನ್ನೇ ಮತ್ತೆ ಮತ್ತೆ ನೋಡಿದ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ, ನಮ್ಮದು ಓನರಿನ ಮನೆ ತನಕ ನಡೆದೇ ಹೋಯಿತು. ಪ್ರಯಾಣಿಕರು ದೂರು ಕೊಟ್ಟಿದ್ದರು. ಓನರ್ ಒಳ್ಳೆಯ ಮನುಷ್ಯ. ಪ್ಲೇಟು ಸವೆದದ್ದನ್ನು ತನಗೆ ಹೇಳದೆ ಘಾಟಿಯಲ್ಲಿ ಬಸ್ಸು ಓಡಿಸುತ್ತಿದ್ದೀರಾ ಎಂದು ನಮ್ಮನ್ನೇ ಗದರಿಸಿ, ಭಾನುವಾರ ಮೆಕ್ಯಾನಿಕ್ಕನ್ನು ಕರೆಸಿ ಎದುರು ನಿಂತು ಬಿಚ್ಚಿಸಿದರು. ಹಳೆಯದು ಇನ್ನೂ ಸ್ವಲ್ಪ ದಿನ ಬರುತ್ತಿತ್ತು ಎಂದು ಮೆಕ್ಯಾನಿಕ್ ಅಂದರೂ ಕೇಳದೆ ಪೂರ್ತಿ ಹೊಸ ಸೆಟ್ಟು ಹಾಕಿಸಿದರು. ನಾವಿಬ್ಬರೂ ತಲೆ ತಗ್ಗಿಸಿ ನಿಂತು ನೋಡಿದೆವು. ಸೋಮವಾರ ಬೆಳಿಗ್ಗೆ ವಾಸಣ್ಣ ಪೆಡಲ್ಲು ತುಳಿದವನು ನನ್ನ ಮುಖ ನೋಡಿದ. ಹೊಸ ಸ್ಪ್ರಿಂಗು ಕಲ್ಲಿನಂತಿತ್ತು. ಹಳೆ ಕ್ಲಚ್ಚಿಗೆ ಒಂದು ಕೈ ಆಸರೆ ಸಾಕಾಗಿದ್ದರೆ ಇದಕ್ಕೆ ಅವನು ಸೀಟಿನಿಂದ ಸ್ವಲ್ಪ ಎದ್ದು ಒತ್ತಬೇಕಾಯಿತು.

ಆ ವಾರ ಮಂಡಿ ಮತ್ತೆ ಊದಿತು. ಜೆಸ್ಸಿ ರಜೆ ಹಾಕಲೇಬೇಕು ಎಂದಳು, ವಾಸಣ್ಣ ಶನಿವಾರದಿಂದ ಹಾಕುತ್ತೇನೆ ಎಂದ. ಶುಕ್ರವಾರ ಸಂಜೆ ಏರು ಹತ್ತುವಾಗ ಗಿರಿಜಮ್ಮ ಬಸ್ಸಿನಲ್ಲಿದ್ದರು. ಮೋರಿಯ ಹತ್ತಿರ ಇಳಿಸಿ ಎಂದು ಅವರೇ ಎದ್ದು ನಿಂತರು, ದನಿಯಲ್ಲಿ ಕೋಪವಿತ್ತು. ವಾಸಣ್ಣ ಮೋರಿಯನ್ನು ದಾಟಿಸಿ, ಏರಿನಲ್ಲಿ, ಅವರ ಗೇಟಿನ ಮುಂದೆಯೇ ನಿಲ್ಲಿಸಿದ. ಹಿಂದಿನ ವಾರದ ಆ ಕೈ ಅವನ ಮನಸ್ಸಿನಿಂದ ಹೋಗಿರಲಿಲ್ಲ ಎಂದು ನನಗೆ ಗೊತ್ತು. ನಾನು ಅವರ ಚೀಲ ಹಿಡಿದು ಜೊತೆಗೆ ಇಳಿದೆ. ಗೇಟು ರಸ್ತೆಯ ಆಚೆ ಬದಿಗಿದ್ದುದರಿಂದ ಅವರು ಬಸ್ಸಿನ ಹಿಂಬದಿಯಿಂದ ರಸ್ತೆ ದಾಟಲು ಹೊರಟರು. ಯಾವಾಗಲೂ ಹಾಗೇ ದಾಟುತ್ತಿದ್ದುದು, ನಾನು ಚೀಲ ಕೊಟ್ಟು ಬಾಗಿಲಿಗೆ ವಾಪಸಾದೆ.

ವಾಸಣ್ಣ ಹೊರಡಲೆಂದು ಬ್ರೇಕಿನಿಂದ ಬಲಗಾಲು ತೆಗೆದದ್ದಕ್ಕೂ ಎಡಮಂಡಿ ಕೈಕೊಟ್ಟದ್ದಕ್ಕೂ ಸರಿಹೋಯಿತು. ಬಸ್ಸು ಒಮ್ಮೆ ಜಗ್ಗಿ ಇಂಜಿನ್ ಆಫ್ ಆಯಿತು. ಆಮೇಲೆ ಗೇರು ಕಳಚಿ ಹಿಂದಕ್ಕೆ ಜಾರತೊಡಗಿತು. ನಿಧಾನಕ್ಕೇ, ಆದರೆ ಅದರ ಹಿಂದೆ ಗಿರಿಜಮ್ಮ ರಸ್ತೆಯ ನಡುವೆ ನಿಂತಿದ್ದರು, ಓಡಲು ಬಾರದ ಕಾಲು. ನನ್ನ ಕೈಗೆ ಬಾಗಿಲ ಬುಡದಲ್ಲಿಟ್ಟಿದ್ದ, ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡು ಹೇಗೆ ಬಂತೋ ತಿಳಿಯದು. ಚಕ್ರದ ಹಿಂದೆ ತುರುಕಿದೆ. ಕೆಸರಿನಲ್ಲಿ ಅದು ಚೂರು ಜಾರಿ ಕಚ್ಚಿಕೊಂಡಿತು. ಅಷ್ಟರಲ್ಲಿ ಬ್ರೇಕೂ ಹಿಡಿಯಿತು. ಬಸ್ಸು ನಿಂತಾಗ ಅದರ ಬಂಪರು ಗಿರಿಜಮ್ಮನ ಕೊಡೆಗೆ ತಾಗುವಷ್ಟು ಹತ್ತಿರವಿತ್ತು. ನಾನು ಮರದ ತುಂಡನ್ನು ಇನ್ನೂ ಒತ್ತಿ ಹಿಡಿದೇ ಇದ್ದೆ.

ವಾಸಣ್ಣ ಇಳಿದು ಬಂದ. ಎರಡೂ ಕೈಯಿಂದ ಎಡಗಾಲನ್ನು ಎತ್ತಿ ಮೆಟ್ಟಿಲಿಂದ ಕೆಳಗಿಟ್ಟು ಇಳಿದದ್ದನ್ನು ಎಲ್ಲರೂ ನೋಡಿದರು. ಅವನು ಗಿರಿಜಮ್ಮನ ಮುಂದೆ ಬಂದು ನಿಂತ. ಅವರು ಅವನ ಕಾಲನ್ನೇ ನೋಡಿದರು.

"ಹಾಳಾದ್ದು ಕ್ಲಚ್ಚಲ್ಲ, ನಿನ್ನ ಕಾಲು," ಎಂದರು. "ಒಂದು ಮಾತು ಹೇಳೂಕೆ ಎಂತ ಆಗಿತ್ತಾ ವಾಸು? ನಂಗೂ ಮಂಡಿ ಉಂಟಲ್ಲ, ಅರ್ಥ ಆಗ್ತಿರ್ಲಿಲ್ವಾ?"

ಹಿಂದೆ ಬಂದ ಲಾರಿಯ ಡ್ರೈವರೊಬ್ಬ ನಮ್ಮ ಬಸ್ಸನ್ನು ಶೃಂಗೇರಿಗೆ ಇಳಿಸಿಕೊಟ್ಟ. ವಾಸಣ್ಣ ಪ್ರಯಾಣಿಕರ ಸೀಟಿನಲ್ಲಿ ಕೂತಿದ್ದ. ಆ ರಸ್ತೆಯಲ್ಲಿ ಅವನು ಕಿಟಕಿಯ ಹೊರಗೆ ನೋಡಿದ್ದು ಅದೇ ಮೊದಲಿರಬೇಕು. ಮರುದಿನ ತಾನೇ ಹೋಗಿ ಓನರಿಗೆ ಕೀ ಕೊಟ್ಟ, ಎಲ್ಲವನ್ನೂ ಹೇಳಿದ. ಓನರಿಗೆ ಮೊದಲು ಸಿಟ್ಟು ಬಂದದ್ದು ಸುಮ್ಮನೆ ಬಿಚ್ಚಿಸಿದ ಕ್ಲಚ್ಚಿನ ಬಗ್ಗೆ, ಆಮೇಲೆ ಉಳಿದದ್ದೆಲ್ಲ ನೆನಪಾಗಿ ಮುಖ ಬಿಳಿಚಿತು. ದೀಪಾವಳಿ ತನಕ ಬದಲಿ ಡ್ರೈವರ್ ಹಾಕುತ್ತೇನೆ, ಅಷ್ಟರಲ್ಲಿ ಡಾಕ್ಟರೂ ಆ ಹುಡುಗಿಯೂ ಓಡಿಸಬಹುದು ಎಂದರೆ ಬಾ, ಇಲ್ಲದಿದ್ದರೆ ನನ್ನಿಂದಾಗದು ಎಂದರು. ಅದರಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ.

ಬದಲಿ ಬಂದವನು ಹುಡುಗ, ಕಾಲಿಗೆ ಸ್ಪ್ರಿಂಗು ಇದ್ದವನು. ಕೈ ಎತ್ತುವ ಮೊದಲೇ ನಿಲ್ಲಿಸುತ್ತಿದ್ದ. ಜನ ಎರಡೇ ವಾರದಲ್ಲಿ ತಂತಮ್ಮ ಗೇಟಿಗೆ ವಾಪಸಾದರು, ಅವನನ್ನು ಹೊಗಳಿದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಕೊಪ್ಪದಲ್ಲಿ ರಸ್ತೆಗೆ ತಾಗಿದ ವಾಸಣ್ಣನ ಮನೆಯ ಜಗಲಿಯಲ್ಲಿ ಅವನು ಮರಳು ಚೀಲ ಕಟ್ಟಿಕೊಂಡು ಕಾಲು ಚಾಚುತ್ತ ಕೂತಿರುವುದು ಬಸ್ಸಿನಿಂದ ಕಾಣುತ್ತಿತ್ತು. ನಾನು ಕೈ ಬೀಸಿದರೆ ಅವನು ಬೀಸುತ್ತಿರಲಿಲ್ಲ, ಗೇರು ಬದಲಾಗುವ ಸದ್ದನ್ನೇ ಕೇಳುತ್ತಿದ್ದ. ಅವನ ಹೆಂಡತಿಗೆ ಜೆಸ್ಸಿ ಕಟ್ಟಪ್ಪಣೆ ಮಾಡಿದ್ದಳು, ನೀರು ಬೇಕಾದರೆ ಅವರೇ ಎದ್ದು ಕುಡಿಯಲಿ ಎಂದು. ಆಕೆ ಒಳಗಿನಿಂದ ಇಣುಕಿ ನೋಡುತ್ತ ಸೆರಗಿನ ತುದಿ ಹಿಂಡುತ್ತಿದ್ದಳು. ಒಂದು ವಾರ ಊತ ಇಳಿಯುತ್ತಿತ್ತು, ಮರುವಾರ ಮತ್ತೆ ಬರುತ್ತಿತ್ತು. ಮೊದಲಿನ ಹಾಗಾಗುತ್ತದೆಯೇ ಎಂದು ಅವನು ಕೇಳಿದಾಗಲೆಲ್ಲ ಜೆಸ್ಸಿ, ಸವೆದದ್ದು ಬರುವುದಿಲ್ಲ, ಅದನ್ನು ಹೊರುವ ಬಲ ಬರಬಹುದು ಎಂದಷ್ಟೇ ಹೇಳುತ್ತಿದ್ದಳು. ಸುಳ್ಳಾದರೂ ಒಂದು ಧೈರ್ಯದ ಮಾತು ಹೇಳಬಾರದೇ ಎಂದು ನನಗೆ ಅನಿಸುತ್ತಿತ್ತು. ಆದರೆ ಸುಳ್ಳು ಹೇಳಿ ಏನಾಯಿತು ಎಂದು ನಾವು ನೋಡಿದ್ದೆವಲ್ಲ.

ದೀಪಾವಳಿಗೆ ಸ್ವಲ್ಪ ಮೊದಲು ಖಾಲಿ ಬಸ್ಸಿನಲ್ಲಿ ಪರೀಕ್ಷೆ ನಡೆಯಿತು. ಡಾಕ್ಟರು ಆಗಲೇ ಕಾಲು ನೋಡಿ ಒಪ್ಪಿದ್ದರು. ಜೆಸ್ಸಿ ಪಕ್ಕದ ಸೀಟಿನಲ್ಲಿ ಕೂತು ಕ್ಲಚ್ಚು ತುಳಿಸಿದಳು, ಹಿಡಿಸಿದಳು, ಬಿಡಿಸಿದಳು, ಏರಿನಲ್ಲಿ ನಿಲ್ಲಿಸಿ ಹೊರಡಿಸಿದಳು. ಅವಳು ಕಾಲನ್ನು ನೋಡುತ್ತಿರಲಿಲ್ಲ, ಅವನ ಮುಖ ನೋಡುತ್ತಿದ್ದಳು. ಅವನ ಎಡಗೈ ಒಮ್ಮೆಯೂ ತೊಡೆಯ ಕಡೆ ಹೋಗಲಿಲ್ಲ. ಕೊನೆಗೆ ಓಡಿಸಬಹುದು ಎಂದಳು. ನನ್ನ ಎದೆ ಹಗುರಾಗುವಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದಳು. ಮೊದಲಿನ ಹಾಗೆ ಮನೆಮನೆಗೆ ನಿಲ್ಲಿಸಿದರೆ ಮುಂದಿನ ಮಳೆಗಾಲಕ್ಕೆ ಈ ಮಂಡಿ ಉಳಿಯುವುದಿಲ್ಲ.

ಮೊದಲ ದಿನ ಹೊರಡುವ ಮೊದಲು, ಜನಕ್ಕೆ ಏನು ಹೇಳಲಿ ಎಂದು ವಾಸಣ್ಣನನ್ನು ಕೇಳಿದೆ.

"ಎಂತದೂ ಹೇಳೂದು ಬೇಡ ಮಾರಾಯ," ಎಂದ. "ಕೈ ಎತ್ತಿದ್ರೆ ನಿಲ್ಲಿಸ್ತೆ. ಎತ್ತಿದ ಕೈ ದಾಟಿ ಹೋಗೂಕೆ ಇನ್ನು ನನ್ನಿಂದ ಆಗೂದಿಲ್ಲ."

ಅಂದರೆ ತನ್ನ ಮಂಡಿಯನ್ನು ರಸ್ತೆಯ ಜನರ ಕೈಗೆ ಕೊಟ್ಟಿದ್ದ. ನನಗೆ ಅಷ್ಟು ಹೆದರಿಕೆ ಘಾಟಿಯಲ್ಲೂ ಆಗಿರಲಿಲ್ಲ. ಕೊಪ್ಪ ದಾಟಿದ ಮೇಲೆ ಮೊದಲ ಗೇಟಿನಲ್ಲಿ ಇಬ್ಬರು ನಿಂತಿದ್ದರು. ಬದಲಿ ಹುಡುಗನ ಬಸ್ಸೆಂದು ಬಂದವರು. ಕೈ ಎತ್ತಲು ಹೊರಟವರು ಸ್ಟೇರಿಂಗ್ ಹಿಂದೆ ಯಾರೆಂದು ನೋಡಿದರು. ಒಬ್ಬ ಕೈಯನ್ನು ತಲೆ ಕೆರೆಯಲು ಒಯ್ದ. ಆಮೇಲೆ ಇಬ್ಬರೂ ಮುಂದಿನ ಸ್ಟಾಪಿನ ಕಡೆ ಓಡಿದರು. ಮುಂದಿನ ಗೇಟಿನವರು ಆಗಲೇ ನಡೆಯುತ್ತಿದ್ದರು. ವಾಸಣ್ಣನಿಗೆ ಕೊಬ್ಬು ಎಂದಿದ್ದವರು ಲುಂಗಿ ಎತ್ತಿ ಕಟ್ಟಿಕೊಂಡು ದಾಯಾದಿಯ ಗೇಟಿನಲ್ಲಿ, ದಾಯಾದಿಯ ಪಕ್ಕದಲ್ಲೇ, ಮುಖ ಬೇರೆ ಕಡೆ ಮಾಡಿ ನಿಂತಿದ್ದರು. ಶೃಂಗೇರಿ ದಾಟಿದ ಮೇಲೆ ಒಬ್ಬ ಹೊರಗಿನವನು ಮಾತ್ರ ನಟ್ಟನಡುವೆ ಕೈ ಎತ್ತಿದ, ವಾಸಣ್ಣ ನಿಲ್ಲಿಸಿದ. ಹತ್ತಿದವನನ್ನು ಬಸ್ಸಿನಲ್ಲಿದ್ದವರೆಲ್ಲ ಕಳ್ಳನನ್ನು ನೋಡಿದ ಹಾಗೆ ನೋಡಿದರು.

ಕೆರೆಕಟ್ಟೆಯಿಂದ ಇಳಿಯುವಾಗ ನನಗೆ ನೆನಪಾಯಿತು, ಅದು ಶುಕ್ರವಾರ. ಗಿರಿಜಮ್ಮ ಗೇಟಿನಲ್ಲಿರಲಿಲ್ಲ. ಬರುವುದಿಲ್ಲವೇನೋ ಎಂದುಕೊಂಡೆ. ತಿರುವು ದಾಟಿದರೆ, ರಸ್ತೆಯ ಅಂಚಿನಲ್ಲಿ ಕೊಡೆ ಊರಿಕೊಂಡು ಮೋರಿಯ ಕಡೆ ಒಂದೊಂದೇ ಹೆಜ್ಜೆ ಇಳಿಯುತ್ತಿದ್ದರು. ಬಸ್ಸಿನ ಸದ್ದಿಗೆ ತಿರುಗಿ ನೋಡಿದರು, ಕೈ ಎತ್ತಲಿಲ್ಲ. ಹೋಗು ಹೋಗು ಎಂಬ ಹಾಗೆ ಗದ್ದ ಆಡಿಸಿದರು. ವಾಸಣ್ಣ ಅವರನ್ನು ಮೆಲ್ಲಗೆ ದಾಟಿ, ಮೋರಿಯ ಹತ್ತಿರ ಸಮ ರಸ್ತೆಯಲ್ಲಿ ಬಸ್ಸು ನಿಲ್ಲಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಎಡಗಾಲನ್ನು ಪೆಡಲ್ಲಿನಿಂದ ತೆಗೆದು ಉದ್ದಕ್ಕೆ ಚಾಚಿಕೊಂಡ.

ಅವರು ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು. ಆ ಹೊರಗಿನವನು ಯಾರೋ ಪಾಪ, ವಾಪಸು ಅದೇ ಬಸ್ಸಿನಲ್ಲಿದ್ದವನು, ಶೃಂಗೇರಿಗೆ ತಡವಾಗುತ್ತದಲ್ಲ ಎಂದ.

"ಆಗ್ಲಿ," ಎಂದ ವಾಸಣ್ಣ. "ಕಾಯೂಕೆ ಮಂಡಿ ಬೇಡ."